ಸೋಲುವ ಕೈಯ ಅಳತೆ

ಟಿಕ್. ಟಿಕ್. ಟಿಕ್ ಟಿಕ್. ಆಮೇಲೆ ಮಂಕಾದ ಒಂದು ಟಪ್.

ಓಣಿಯ ಮೂಲೆಮನೆಯ ಮಹಡಿ ಕಿಟಕಿಯಿಂದ ಮಧ್ಯಾಹ್ನದ ಹೊತ್ತು ಈ ಸದ್ದು ಕೇಳಿಸುತ್ತದೆ. ಹೊಸದಾಗಿ ಬಾಡಿಗೆಗೆ ಬಂದವರು ಮೊದಲು ಹಲ್ಲಿ ಎಂದುಕೊಳ್ಳುತ್ತಾರೆ. ಆಮೇಲೆ ನಲ್ಲಿ ಸೋರುತ್ತಿರಬೇಕು ಎಂದು ತಮ್ಮ ಬಚ್ಚಲನ್ನು ಒಮ್ಮೆ ನೋಡಿಬರುತ್ತಾರೆ. ಹಳಬರಿಗೆ ಗೊತ್ತು. ಟಿಕ್ ಎಂದರೆ ಒತ್ತಿದ ಬಟನ್ನಿನಲ್ಲಿ ಇನ್ನೂ ಜೀವವಿದೆ, ಟಪ್ ಎಂದರೆ ಅದರಡಿಯ ರಬ್ಬರು ಸತ್ತಿದೆ. ಟಪ್ ಆದ ಮೇಲೆ ಸ್ವಲ್ಪ ಹೊತ್ತು ಮೌನ, ನಂತರ ಸ್ಕ್ರೂ ತಿರುಗಿಸುವ ಕಿರಕಿರ. ಕೆಳಗಡೆ ಕ್ಷೌರದ ಅಂಗಡಿಯವನು ಗಿರಾಕಿಯ ಗದ್ದಕ್ಕೆ ನೊರೆ ಹಚ್ಚುತ್ತಾ, "ಬಟನಕ್ಕ ಇನ್ನೊಂದರ ಹೊಟ್ಟೆ ಬಗೆದ್ರು ನೋಡಿ," ಎನ್ನುತ್ತಾನೆ.

ಬಟನಕ್ಕ ಎಂಬ ಹೆಸರು ಅವಳಿಗೆ ಈ ಕೆಲಸದಿಂದ ಬಂದದ್ದಲ್ಲ. ಮದುವೆಗೆ ಮೊದಲು ಅವಳು ಅಂಗಿ ಕಾರ್ಖಾನೆಯೊಂದರಲ್ಲಿ ಗುಂಡಿ ಹೊಲಿಯುವ ಸಾಲಿನಲ್ಲಿ ಕೂರುತ್ತಿದ್ದಳು. ಜೊತೆಯವರು ಇಟ್ಟ ಹೆಸರು ಅವಳ ಹಿಂದೆಯೇ ಗಂಡನ ಮನೆಗೂ ಬಂತು. ಗಂಡ ಹಳೆಯ ಟೀವಿ, ರೇಡಿಯೋ, ವಿಡಿಯೋ ಗೇಮಿನ ಪೆಟ್ಟಿಗೆಗಳನ್ನು ರಿಪೇರಿ ಮಾಡುತ್ತಿದ್ದವನು. ಪೆಟ್ಟಿಗೆಯ ಒಳಗಿನ ತಂತಿಯ ಕಾಡು ಅವನದು, ಅದಕ್ಕೆ ಬಾಲದಂತೆ ಅಂಟಿಕೊಂಡ, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಇವಳದು. ಹಾಗೆಂದು ಯಾರೂ ಕೂತು ಪಾಲು ಮಾಡಿಕೊಂಡಿರಲಿಲ್ಲ. ಒಂದು ದಿನ ಅವನು ಬೈದುಕೊಳ್ಳುತ್ತಾ ಬದಿಗೆ ಸರಿಸಿದ ಕಂಟ್ರೋಲರನ್ನು ಇವಳು ಬಿಚ್ಚಿ, ರಬ್ಬರ್ ಹಾಳೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಮುಚ್ಚಿ, ಅವನ ಕೈಗಿಟ್ಟಿದ್ದಳು. ಅವನು ಒತ್ತಿ ನೋಡಿ, ಮಾರನೆಯ ದಿನ ಇನ್ನೆರಡನ್ನು ತಂದು ಒಲೆಯ ಪಕ್ಕದಲ್ಲಿಟ್ಟಿದ್ದ. ಅವನು ಹೊಗಳುವ ರೀತಿಯೇ ಹಾಗೆ.

ಅವನು ತೀರಿಕೊಂಡ ಮೇಲೆ ಪೆಟ್ಟಿಗೆಗಳು ಬರುವುದು ನಿಂತಿತು. ಬಾಲಗಳು ಬರುತ್ತಲೇ ಇದ್ದವು. ತಲೆ ಅರ್ಧ ನರೆತ ಗಂಡಸರು ಅಟ್ಟ ಗುಡಿಸುವಾಗ ಸಿಕ್ಕಿತೆಂದು, ಹೆಂಡತಿಯ ಕಣ್ಣು ತಪ್ಪಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತರುತ್ತಾರೆ. ಬಟನಕ್ಕ ಅದು ಯಾವ ಕಂಪನಿಯದು ಎಂದು ಕೇಳುವುದಿಲ್ಲ. "ಕೈ ತೋರಿಸಿ," ಎನ್ನುತ್ತಾಳೆ. ಭವಿಷ್ಯ ಹೇಳಿಸಿಕೊಳ್ಳಲು ಬಂದವರಂತೆ ಅವರು ಕೈ ಚಾಚುತ್ತಾರೆ.

ಒಂದೊಂದು ಬಗೆಗೂ ಅವಳೇ ಇಟ್ಟ ಹೆಸರುಗಳಿವೆ. ಉದ್ದ ಚೌಕದ ಚಪ್ಪಟೆಯದು 'ಇಟ್ಟಿಗೆ'. ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಒರಟು. ಅರ್ಧ ಗಂಟೆ ಆಡಿದರೆ ಅದರ ಮೂಲೆ ಅಂಗೈಯಲ್ಲಿ ಕೆಂಪು ಗೀರು ಬಿಡುತ್ತದೆ. ಅದಕ್ಕಿಂತ ಈಚಿನದು, ಎರಡೂ ತುದಿ ದುಂಡಗಾಗಿ ಸವೆದಂತಿರುವುದು 'ಸಾಬೂನು'. ಹಿಡಿದಾಗ ಹಾಯೆನಿಸುತ್ತದೆ, ಆದರೆ ಆಟ ಬಿಸಿಯೇರಿ ಕೈ ಬೆವೆತರೆ ನಿಜವಾದ ಸಾಬೂನಿನಂತೆಯೇ ಜಾರುತ್ತದೆ. ಡಬ್ಬಿಯ ಮೇಲೆ ನಿಂತ ಕೋಲಿನದಕ್ಕೆ 'ಗೂಟ' ಎಂದು ಹೆಸರು. ಬೆರಳು ದಣಿಯುವ ಮೊದಲೇ ಮಣಿಕಟ್ಟು ಸೋಲುತ್ತದೆ. ಮೂರು ಹಿಡಿಯದು 'ಮುಕ್ಕಾಲಿ'. "ಮಾಡಿದವನಿಗೆ ಎಷ್ಟು ಕೈ ಇದ್ವೋ ಏನೋ," ಎಂದು ಬಟನಕ್ಕ ಅದನ್ನು ಬಿಚ್ಚಿದಾಗಲೆಲ್ಲ ಅನ್ನುತ್ತಾಳೆ. ಎರಡು ಹಿಡಿಯದು 'ಕೊಂಬು'. ಅಂಗೈ ತುಂಬುತ್ತದೆ, ಕಿರುಬೆರಳಿಗೂ ಒಂದು ಜಾಗ ಸಿಗುತ್ತದೆ. ದೊಡ್ಡ ಕೈಯವರಿಗೆ ಅದರಷ್ಟು ಸುಖ ಬೇರೆಯಿಲ್ಲ.

ಅವಳ ಇನ್ನೊಂದು ಪದ್ಧತಿ ಹಿಟ್ಟಿನದು. ಹಿಡಿ ಮುರಿದದ್ದೋ, ಕೈಗೆ ಒಗ್ಗದ್ದೋ ಬಂದರೆ ಉಪ್ಪು ಹಾಕಿ ಗಟ್ಟಿಯಾಗಿ ಕಲಸಿದ ಹಿಟ್ಟಿನ ಮುದ್ದೆಯನ್ನು ಗಿರಾಕಿಯ ಕೈಗೆ ಕೊಡುತ್ತಾಳೆ. ಅವರು ಹಿಡಿಯಬೇಕು. ಬೆರಳಿನ ಅಚ್ಚು ನೋಡಿಕೊಂಡು, ಸೋರುವ ಪೈಪಿಗೆ ಮೆತ್ತುವ ಅಂಟಿನಿಂದ ಹಿಡಿ ಕಟ್ಟಿ, ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ಉಜ್ಜಿ ನುಣುಪು ಮಾಡುತ್ತಾಳೆ. ಕ್ಷೌರದ ಅಂಗಡಿಯವನ ಕೊಂಬು ಹಾಗೆ ಆದದ್ದೇ. ಅದನ್ನು ಮೊದಲ ಸಲ ಹಿಡಿದಾಗ ಅವನು, "ಬಟನಕ್ಕ, ನನ್ನ ಹೆಂಡ್ತಿ ಕೈ ಹಿಡಿದಾಗ್ಲೂ ಇಷ್ಟು ಹಾಯಾಗಿರ್ಲಿಲ್ಲ ಕಣ್ರೀ," ಎಂದಿದ್ದ.

"ಅವಳನ್ನ ಕೇಳಿದ್ದೀರಾ? ಅವಳ ಕೈಗೆ ಹೇಗಿತ್ತೋ ಪಾಪ!"

ಇಷ್ಟೆಲ್ಲ ಕೈಗಳ ಅಳತೆ ತೆಗೆದವಳಿಗೆ ತಿಳಿಯದೆ ಹೋದದ್ದು ತನ್ನ ನಾದಿನಿಯ ಕೈ.

*

ನಾದಿನಿ ಪೇಟೆಬೀದಿಯ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಅಲ್ಲಿ ಎಲ್ಲರೂ ಅವಳನ್ನು ಕತ್ತರಿ ಮೇಡಂ ಎನ್ನುತ್ತಾರೆ, ಅರ್ಧ ಕೆಲಸಕ್ಕೆ, ಅರ್ಧ ನಾಲಿಗೆಗೆ. ಬಟನಕ್ಕ ಮದುವೆಯಾಗಿ ಬಂದಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ಅಣ್ಣನನ್ನು ಕಸಿದುಕೊಳ್ಳಲು ಬಂದವಳೆಂದು ಅತ್ತಿಗೆಯ ಜೊತೆ ಮಾತೇ ಆಡುತ್ತಿರಲಿಲ್ಲ. ಉಪ್ಪು ಬೇಕಾದರೂ, "ಅಮ್ಮಾ, ಉಪ್ಪು ಕೊಡೋಕೆ ಹೇಳು," ಎಂದು ಗೋಡೆಯನ್ನು ನೋಡಿ ಹೇಳುವಳು.

ಹಾಗೇ ತಿಂಗಳುಗಳು ಕಳೆದವು. ಒಂದು ಭಾನುವಾರ ಮಧ್ಯಾಹ್ನ ಅಣ್ಣ ರಿಪೇರಿಯಾದ ಪೆಟ್ಟಿಗೆಯೊಂದನ್ನು ಪರೀಕ್ಷೆಗೆಂದು ಮನೆಯ ಟೀವಿಗೆ ಜೋಡಿಸಿ, ಒಂದು ಇಟ್ಟಿಗೆಯನ್ನು ತಂಗಿಗೂ ಇನ್ನೊಂದನ್ನು ಹೆಂಡತಿಗೂ ಕೊಟ್ಟು, ನಡುವೆ ಕಡಲೆಕಾಯಿ ಬಿಡಿಸುತ್ತಾ ಕೂತ. ಸೇತುವೆಯ ಮೇಲೆ ಎರಡು ಗೊಂಬೆಗಳು, ಒಂದು ಕೆಂಪು, ಒಂದು ನೀಲಿ, ಒಂದನ್ನೊಂದು ತಳ್ಳಿ ಹಳ್ಳಕ್ಕೆ ಬೀಳಿಸುವ ಆಟ. ಬಿದ್ದರೆ ಗುಳುಂ ಎಂಬ ಸದ್ದು. ಬಟನಕ್ಕನ ನೀಲಿ ಗೊಂಬೆ ಪೆದ್ದುಪೆದ್ದಾಗಿ ಅಂಚಿನಲ್ಲಿ ನಿಂತಿತ್ತು. ಹಾಗೆ ನಿಂತವಳನ್ನು ತಳ್ಳುವುದರಲ್ಲಿ ಏನು ಮಜಾ? ಹುಡುಗಿ ತಡೆಯಲಾರದೆ ಕೂಗಿದಳು.

"ಅಯ್ಯೋ ಅತ್ತಿಗೆ, ಹಾರ್ರೀ!"

ಅವಳು ಅತ್ತಿಗೆ ಎಂದು ಕರೆದದ್ದು ಅದೇ ಮೊದಲು. ಬಟನಕ್ಕನಿಗೆ ಹಾರುವುದು ಮರೆತೇಹೋಯಿತು. ಗುಳುಂ.

"ಈ ಕಂಟ್ರೋಲರ್ ಚುಚ್ಚುತ್ತೆ," ಎಂದಳು ಬಟನಕ್ಕ ನಾಚಿಕೊಂಡು.

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ!"

ಅಣ್ಣ ಗಂಟಲಿಗೆ ಕಡಲೆಕಾಳು ಸಿಕ್ಕಿಕೊಳ್ಳುವಷ್ಟು ನಕ್ಕ. ಅಂದಿನಿಂದ ಭಾನುವಾರದ ಆಟ ನಿಂತಿರಲಿಲ್ಲ. ಹುಡುಗಿ ದೊಡ್ಡವಳಾದಳು, ಮದುವೆಯಾಗಿ ಮೂರು ಬೀದಿ ಆಚೆಗೆ ಹೋದಳು, ಆದರೂ ಭಾನುವಾರ ಊಟ ಮುಗಿಸಿ ಬರುವಳು. ಗೆದ್ದವರು ಸೋತವರಿಗೆ ಹೇಳುವ ಮಾತೂ ಬದಲಾಗಲಿಲ್ಲ: ನೆಲ ಡೊಂಕಾ? ಈ ಮಾತನ್ನು ಜಾಸ್ತಿ ಹೇಳಿದವಳು ನಾದಿನಿಯೇ.

ಅಣ್ಣ ಹೋದ ಮೇಲೂ ಬಂದಳು. ಇಬ್ಬರೂ ಅದೇ ಚಾಪೆಯ ಮೇಲೆ ಕೂರುತ್ತಿದ್ದರು, ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ ಬಿಟ್ಟು. ಆ ಜಾಗದ ಬಗ್ಗೆ ಒಬ್ಬರೂ ಮಾತಾಡಿದ್ದಿಲ್ಲ. ಅವರಿಬ್ಬರ ನಡುವಿನ ಮಾತೆಲ್ಲ ಟೀವಿಯನ್ನು ನೋಡುತ್ತಲೇ ಆಡಿದ್ದು. ಮನೆಯ ಸುದ್ದಿ, ಮೈಯ ನೋವು, ಅಣ್ಣನ ಕೊನೆಯ ದಿನಗಳು, ಎಲ್ಲವೂ ಕೆಂಪು ಗೊಂಬೆ ನೀಲಿ ಗೊಂಬೆಯನ್ನು ತಳ್ಳುವ ಸಂದಿಯಲ್ಲಿ ಹೊರಬಂದಿದ್ದವು. ಮುಖ ನೋಡಿಕೊಂಡು ಕೂತರೆ ಇಬ್ಬರಿಗೂ ಮಾತು ಬಾರದು.

ಹಾಗಾಗಿಯೇ, ಆ ಭಾನುವಾರ ನಾದಿನಿ ಆಟದ ನಡುವೆ ಇಟ್ಟಿಗೆಯನ್ನು ಚಾಪೆಯ ಮೇಲಿಟ್ಟು, ಬಲ ಹೆಬ್ಬೆರಳಿನ ಬುಡವನ್ನು ತಿಕ್ಕಿಕೊಳ್ಳುತ್ತಾ, "ಅತ್ತಿಗೆ, ನನಗಿನ್ನು ಸಾಕು. ವಯಸ್ಸಾಯ್ತು. ಸುಮ್ನೆ ಮಾತಾಡೋಕೆ ಬರ್ತೀನಿ ಬಿಡಿ," ಎಂದಾಗ ಬಟನಕ್ಕ ನೀಲಿ ಗೊಂಬೆಯನ್ನು ಅಲ್ಲೇ ಬಿಟ್ಟು ಅವಳ ಕಡೆ ತಿರುಗಿದಳು. ಮಾತಾಡೋಕೆ ಬರ್ತೀನಿ ಎಂದರೆ ಬರುವುದಿಲ್ಲ ಎಂದೇ ಅರ್ಥ. ನಡುವೆ ಕೂರುತ್ತಿದ್ದವನು ಇಲ್ಲ. ಇನ್ನು ಆಟವೂ ಇಲ್ಲದಿದ್ದರೆ ಅವಳು ಯಾವ ನೆಪದಲ್ಲಿ ಈ ಮೆಟ್ಟಿಲು ಹತ್ತಿಯಾಳು?

"ಕೈ ನೋವಾ?"

"ಕೈಗೇನಾಗಿದೆ? ಆಟ ಬೇಜಾರಾಯ್ತು ಅಷ್ಟೇ."

ಕತ್ತರಿ ಹಿಡಿದು ಹಿಡಿದು ಆ ಹೆಬ್ಬೆರಳಿನ ಗೆಣ್ಣು ಊದಿರುವುದು ಬಟನಕ್ಕನಿಗೆ ಕಾಣುತ್ತಿತ್ತು. ನಾದಿನಿ ಅದನ್ನು ಬಾಯಿಬಿಟ್ಟು ಹೇಳಲಾರಳು ಎಂದೂ ಗೊತ್ತಿತ್ತು. ಜೀವಮಾನವೆಲ್ಲ ನೆಲ ಡೊಂಕಾ ಎಂದು ಹಂಗಿಸಿದವಳು ಈಗ ಕಂಟ್ರೋಲರ್ ಚುಚ್ಚುತ್ತದೆ ಎಂದು ಯಾವ ಬಾಯಲ್ಲಿ ಹೇಳಿಯಾಳು?

ಮುಂದಿನ ಭಾನುವಾರ ನಾದಿನಿ ಬರಲಿಲ್ಲ. ಅಂಗಡಿಯಲ್ಲಿ ಕೆಲಸವಂತೆ. ಅದರ ಮುಂದಿನ ವಾರವೂ ಇಲ್ಲ.

*

ಬಟನಕ್ಕ ಕೈಕಟ್ಟಿ ಕೂರುವ ಜಾತಿಯಲ್ಲ. ತನ್ನಲ್ಲಿದ್ದ ಬಗೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಒಂದು ಸಂಜೆ ನಾದಿನಿಯ ಮನೆಗೆ ಹೋದಳು.

"ಇದೇನು ಅತ್ತಿಗೆ, ಪಾತ್ರೆ ಮಾರೋಳ ಥರ ಚೀಲ ಹೊತ್ಕೊಂಡು ಬಂದ್ರಿ?"

"ಸಾಮಾನು ಜಾಸ್ತಿಯಾಗಿದೆ. ಯಾವುದು ಇಟ್ಕೊಳ್ಳೋದು, ಯಾವುದು ಬಿಸಾಕೋದು, ಸ್ವಲ್ಪ ಹಿಡಿದು ಹೇಳು."

ನಾದಿನಿ ಅನುಮಾನದಿಂದಲೇ ಒಂದೊಂದನ್ನು ಹಿಡಿದಳು. ಸಾಬೂನು, "ಪರವಾಗಿಲ್ಲ." ಗೂಟ, "ಇದನ್ನ ಯಾರ ತಲೆ ಮೇಲಾದ್ರೂ ಹೊಡೀಬಹುದು." ಮುಕ್ಕಾಲಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರ ಮೇಲೆ ಕೂತ್ಕೋಬೇಕೋ ಹಿಡ್ಕೋಬೇಕೋ?" ಕೊಂಬು ಅವಳ ಸಣ್ಣ ಕೈಗೆ ಅಗಲವಾಯಿತು. ಆದರೆ ಅದನ್ನು ಬೇಗ ಕೆಳಗಿಡಲಿಲ್ಲ. ಬಟನಕ್ಕ ಅದನ್ನು ಗಮನಿಸಿದಳು. ಕಾಫಿ ಬಂತು. ಹರಟೆಯ ನಡುವೆ, ಏನೋ ನೆನಪಾದವಳಂತೆ, ಡಬ್ಬಿಯಿಂದ ಹಿಟ್ಟಿನ ಮುದ್ದೆ ತೆಗೆದು ನಾದಿನಿಯ ಕೈಗಿಟ್ಟಳು. ನಾದಿನಿ ಎದುರುಮನೆಯವರ ನಾಯಿಯ ಕತೆ ಹೇಳುತ್ತಾ ಅದನ್ನು ಹಿಡಿದುಕೊಂಡಿದ್ದಳು. ಹೆಬ್ಬೆರಳು ಮೇಲೆ ಮೆತ್ತಗೆ ಮಲಗಿತ್ತು, ಉಳಿದ ಬೆರಳು ಸಡಿಲವಾಗಿ ಸುತ್ತಿದ್ದವು. ಅಚ್ಚು ಚೆನ್ನಾಗಿ ಮೂಡಿತು.

ಆ ವಾರವೆಲ್ಲ ಕಿಟಕಿಯಿಂದ ಟಿಕ್ ಕೇಳಿಸಲಿಲ್ಲ, ಉಜ್ಜುವ ಸದ್ದು ಮಾತ್ರ. ಕ್ಷೌರದವನು ಗೋಣು ಎತ್ತಿ ಎತ್ತಿ ನೋಡಿದ. ಬಟನಕ್ಕ ಕೊಂಬಿನ ಹಿಡಿಗಳನ್ನು ಕಿರಿದು ಮಾಡಿ, ಅಚ್ಚಿನ ಪ್ರಕಾರ ಹೆಬ್ಬೆರಳು ಮಲಗಿದ್ದ ಜಾಗಕ್ಕೇ ಬಟನ್ನುಗಳನ್ನು ಸರಿಸಿ, ಅವುಗಳ ಕೆಳಗೆ ಎಲ್ಲಕ್ಕಿಂತ ಮೆದುವಾದ ರಬ್ಬರ್ ಹಾಕಿದಳು. ಹೂವಿನ ಎಸಳು ಮುಟ್ಟಿದಂತೆ ಮುಟ್ಟಿದರೆ ಸಾಕು, ಗೊಂಬೆ ಹಾರುತ್ತಿತ್ತು.

ಬಟನಕ್ಕ ಹೇಳಿಕಳಿಸಿದ್ದಕ್ಕೆ ಭಾನುವಾರ ನಾದಿನಿ ಬಂದಳು. ಹಿಡಿದಳು. ಅವಳ ಹುಬ್ಬುಗಳ ನಡುವಿನ ಗೆರೆ ಸಡಿಲವಾಯಿತು.

"ಹಾಯಾಗಿದೆ," ಎಂದಳು, ಬೇಡದ್ದನ್ನು ಒಪ್ಪಿಕೊಳ್ಳುವವಳಂತೆ.

ಮೊದಲ ಆಟ ಬಟನಕ್ಕ ಗೆದ್ದಳು. ಎರಡನೆಯದರಲ್ಲಿ ನಾದಿನಿಯ ಕೆಂಪು ಗೊಂಬೆ ಅಂಚಿಗೆ ಬಂದಾಗ, ಬಟನಕ್ಕನ ಬೆರಳು ಒಂದು ಗಳಿಗೆ ತಡೆಯಿತು. ಸೇತುವೆಯ ತುದಿಯಿಂದ ನೀಲಿ ಗೊಂಬೆ ತಾನಾಗಿಯೇ ಎಂಬಂತೆ ಜಾರಿತು. ಗುಳುಂ. ನಾದಿನಿ ಹಂಗಿಸಲಿಲ್ಲ. ಮೂರನೆಯ ಆಟದಲ್ಲಿ ತಳ್ಳಾಟ ಬಿಗಿಯಾದಾಗ ಆ ಮೆದು ಬಟನ್ನುಗಳು ಅವಳ ಬೆರಳಿಗೆ ಸಿಗದೇಹೋದವು. ಬೇಡದಾಗ ಹಾರಿದಳು, ಬೇಕಾದಾಗ ಹಾರಲಿಲ್ಲ, ಗಾಬರಿಯಲ್ಲಿ ಬಿಗಿಹಿಡಿದು ಹೆಬ್ಬೆರಳು ನೋಯಿಸಿಕೊಂಡಳು. ಕಂಟ್ರೋಲರ್ ಚಾಪೆಯ ಮೇಲೆ, ನಡುವಿನ ಖಾಲಿ ಜಾಗದಲ್ಲಿ ಬಂದು ಬಿತ್ತು.

"ಇದು ಯಾರದೋ ಕೈಗೆ ಮಾಡಿದ ಹಾಗಿದೆ."

"ನಿನ್ನ ಕೈಯದೇ ಅಳತೆ ಕಣೇ!"

"ನನ್ನ ಕೈಯಲ್ಲ ಇದು. ಯಾವುದೋ ಮುದುಕಿ ಕೈ. ಮತ್ತೆ ಆಗ ನೀವು ಬೇಕಂತ ಬಿದ್ರಿ. ಪಾಪ ಅಂತ ಆಡೋದಾದ್ರೆ ಆಟ ಯಾಕೆ ಅತ್ತಿಗೆ?" ನಾದಿನಿ ಎದ್ದು ಚಪ್ಪಲಿ ಮೆಟ್ಟಿದಳು. ಮೆಟ್ಟಿಲಿಳಿಯುವ ಸದ್ದು ಕೇಳುತ್ತಾ ಬಟನಕ್ಕ ಹಿಟ್ಟಿನ ಅಚ್ಚನ್ನೂ ಕಂಟ್ರೋಲರನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಎರಡೂ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹಾಗಾದರೆ ತಪ್ಪಿದ್ದೆಲ್ಲಿ?

*

ಎರಡು ದಿನ ಬಿಟ್ಟು ಅವಳು ಹೊಲಿಗೆ ಅಂಗಡಿಗೆ ಹೋದಳು. ಬೇಕಂತ ಬಿದ್ದದ್ದು ನಿಜ, ಅದನ್ನು ಒಪ್ಪಿಕೊಂಡುಬಿಡೋಣ ಎಂದಿತ್ತು ಮನಸ್ಸಿನಲ್ಲಿ. ಬಾಗಿಲಲ್ಲೇ ಕಾಲು ನಿಂತಿತು.

ನಾದಿನಿ ಉದ್ದನೆಯ ಮೇಜಿನ ಮುಂದೆ ಬಾಗಿದ್ದಳು. ಮೇಜಿನ ಮೇಲೆ ನೀರಿನಂತೆ ಜಾರುವ ತೆಳುಬಟ್ಟೆ. ಪಕ್ಕದಲ್ಲಿ ಅದರ ಒಡತಿ ನಿಂತು, "ಇಷ್ಟೇ ಇರೋದು ಮೇಡಂ, ಮತ್ತೆ ಸಿಗಲ್ಲ," ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ನಾದಿನಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಉಸಿರು ಕಟ್ಟಿದ್ದಳು. ಮೊಣಕೈ ಪಕ್ಕೆಗೆ ಒತ್ತಿತ್ತು. ಊದಿದ ಹೆಬ್ಬೆರಳು ಕತ್ತರಿಯ ಬಳೆಯೊಳಗೆ ಸುಮ್ಮನೆ ನೆಟ್ಟಗೆ ನಿಂತಿತ್ತು, ಕೆಲಸ ಮಾಡುತ್ತಿರಲಿಲ್ಲ. ಕೆಲಸವೆಲ್ಲ ಕೆಳಗಿನ ಬೆರಳುಗಳದು. ಅವು ಗಟ್ಟಿಯಾಗಿ ಒಳಕ್ಕೆ ಮಡಚಿಕೊಂಡಿದ್ದವು, ತೋರುಬೆರಳು ಅಲಗಿನ ಉದ್ದಕ್ಕೂ ಚಾಚಿಕೊಂಡು ದಾರಿ ತೋರಿಸುತ್ತಾ ಹೋಗುತ್ತಿತ್ತು. ಕತ್ತರಿ ಬಟ್ಟೆಯ ಕೊನೆ ಮುಟ್ಟಿತು. ನಾದಿನಿ ಉಸಿರು ಬಿಟ್ಟಳು. ಹೆಬ್ಬೆರಳಿನ ಬುಡ ತಿಕ್ಕಿಕೊಂಡು ನೀರಿನ ಲೋಟ ಕೈಗೆತ್ತಿಕೊಂಡಳು.

ಲೋಟ ಹಿಡಿದ ಆ ಸಡಿಲ ಕೈಯನ್ನು ಬಟನಕ್ಕ ಗುರುತಿಸಿದಳು. ತಾನು ಹಿಟ್ಟಿನಲ್ಲಿ ಅಚ್ಚೊತ್ತಿಕೊಂಡು ಬಂದದ್ದು ಈ ಕೈಯನ್ನು. ಕಾಫಿ ಕುಡಿಯುವ, ನಾಯಿಯ ಕತೆ ಹೇಳುವ ಕೈಯನ್ನು. ಇಷ್ಟು ವರ್ಷ ಗಿರಾಕಿಗಳನ್ನೆಲ್ಲ ಆರಾಮಾಗಿ ಕೂರಿಸಿ ಅಳತೆ ತೆಗೆದವಳು ತಾನು. ಅವರೆಲ್ಲ ಹಾಯಾಗಿದೆ ಎಂದು ಹೇಳಿ ಹೋದರು. ಮನೆಗೆ ಹೋಗಿ ಅಂಚಿನಲ್ಲಿ ನಿಂತಾಗ ಅವರ ಕೈಗೆ ಏನನಿಸಿತೋ, ಯಾರಿಗೆ ಗೊತ್ತು? ಕಂಟ್ರೋಲರಿನ ಸುಖ ತಿಳಿಯುವುದು ಕೈಗೆ ಸುಖವಿದ್ದಾಗಲ್ಲ.

"ಏನು ಅತ್ತಿಗೆ, ಕಂಬದ ಥರ ನಿಂತ್ಬಿಟ್ರಿ?"

"ಹೋದ ಸಲ ಎರಡನೇ ಆಟದಲ್ಲಿ ನಾನು ಬೇಕಂತಲೇ ಬಿದ್ದೆ."

"ಗೊತ್ತಿತ್ತು."

"ಭಾನುವಾರ ಒಂದೇ ಒಂದು ಆಟ ಆಡು. ನಾನು ಬಿಟ್ಟುಕೊಡಲ್ಲ. ನಿನ್ನ ಚರ್ಮ ಸುಲೀತೀನಿ."

ಬಟ್ಟೆಯ ಒಡತಿ ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ನಾದಿನಿ ಎಷ್ಟೋ ದಿನಗಳ ಮೇಲೆ ನಕ್ಕಳು. "ನೀವಾ? ನನ್ನನ್ನಾ?"

*

ಆ ಭಾನುವಾರ ಬಟನಕ್ಕ ನಾದಿನಿಗೆ ಕೊಟ್ಟದ್ದು ಹಳೆಯ ಇಟ್ಟಿಗೆಯನ್ನೇ. ಆದರೆ ಬಟನ್ನುಗಳಷ್ಟು ಬಿಟ್ಟು ಅದರ ಸುತ್ತ, ಬೆನ್ನಿಗೂ ಬದಿಗೂ, ಹಿಟ್ಟು ದಪ್ಪಗೆ ಮೆತ್ತಿ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿದ್ದಳು.

"ಇದನ್ನ ಆಡೋದಾ, ಬೇಯ್ಸೋದಾ?"

"ಮೊದಲು ಆಡು. ಸೋತ ಮೇಲೆ ಬೇಯ್ಸಣ."

ಆಟ ಶುರುವಾಯಿತು. ಬಟನಕ್ಕ ಮಾತಿಗೆ ತಪ್ಪಲಿಲ್ಲ. ನೀಲಿ ಗೊಂಬೆ ಕರುಣೆಯಿಲ್ಲದೆ ತಳ್ಳಿತು. ಕೆಂಪು ಗೊಂಬೆ ಹಿಂದೆ ಹಿಂದೆ ಸರಿಯಿತು. ನಾದಿನಿ ಮೊದಮೊದಲು ಹೆಬ್ಬೆರಳಿನಲ್ಲೇ ಒತ್ತುತ್ತಿದ್ದಳು. ಬಟನಕ್ಕ ಒಂದು ಕಣ್ಣು ಟೀವಿಯ ಮೇಲೆ, ಇನ್ನೊಂದು ಆ ಕೈಯ ಮೇಲೆ ಇಟ್ಟಿದ್ದಳು.

"ಏನೇ ಕತ್ತರಿ, ಅಲಗು ಮೊಂಡಾಯ್ತಾ?"

"ಮುಂದೆ ನೋಡ್ಕೊಂಡು ಆಡ್ರೀ!"

"ನಿನ್ನ ಹಿಂದೆ ಹಳ್ಳ ಇದೆ, ಅದನ್ನ ನೀನು ನೋಡ್ಕೋ."

ಕೆಂಪು ಗೊಂಬೆಯ ಹಿಮ್ಮಡಿ ಸೇತುವೆಯ ತುದಿ ಮುಟ್ಟಿತು. ಆಗ ನಾದಿನಿಯ ಉಸಿರು ನಿಂತಿತು. ಮೊಣಕೈ ಪಕ್ಕೆಗೆ ಬಂತು. ಹೆಬ್ಬೆರಳು ಬಟನ್ನಿನಿಂದ ಎದ್ದು ಪಕ್ಕಕ್ಕೆ ಸರಿದು, ತೋರುಬೆರಳು ಮೇಲಿನಿಂದ ಬಾಗಿ ಬಂದು ಟಿಕ್ ಟಿಕ್ ಟಿಕ್ ಎಂದು ಬಡಿಯತೊಡಗಿತು. ಉಳಿದ ಬೆರಳುಗಳು ಹಿಟ್ಟಿನೊಳಕ್ಕೆ ಇಳಿದವು. ಕೆಂಪು ಗೊಂಬೆ ಒಂದು ಹೆಜ್ಜೆ ಮುಂದೆ ಬಂತು, ಎರಡು ಹೆಜ್ಜೆ. ಬಟನಕ್ಕ ಹಲ್ಲು ಕಚ್ಚಿ ತಳ್ಳಿದಳು. ಬಿಟ್ಟುಕೊಡುವ ಆಸೆ ಬೆರಳ ತುದಿಯವರೆಗೆ ಬಂದು ಹೋಯಿತು.

"ನೋಯ್ತಿದ್ರೆ ಹೇಳೇ! ನೆಲ ಡೊಂಕು ಅನ್ನು, ಪರವಾಗಿಲ್ಲ!"

"ಡೊಂಕೇ!" ನಾದಿನಿ ಕಿರುಚಿದಳು, ಕಣ್ಣಲ್ಲಿ ನೀರು, ನೋವಿನದೋ ಸಿಟ್ಟಿನದೋ. "ಇಷ್ಟು ವರ್ಷದಿಂದ ಡೊಂಕೇ ಇದೆ ನಿಮ್ಮ ಹಾಳು ಇಟ್ಟಿಗೆ! ಬಿಸಾಕ್ರೀ ಇದನ್ನ! ಅಯ್ಯೋ, ಅಯ್ಯಯ್ಯೋ ಅತ್ತಿಗೆ..."

ಗುಳುಂ.

ನಾದಿನಿ ಏದುಸಿರು ಬಿಡುತ್ತಿದ್ದಳು. ಆಟದ ಭರದಲ್ಲಿ ಇಬ್ಬರೂ ಯಾವಾಗಲೋ ಚಾಪೆಯ ನಡುವಿನ ಜಾಗಕ್ಕೆ ಸರಿದು, ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಅದನ್ನು ಇಬ್ಬರೂ ಗಮನಿಸಿದರು, ಇಬ್ಬರೂ ಅಲ್ಲಿಂದ ಏಳಲಿಲ್ಲ.

"ಇನ್ನೊಂದು," ಎಂದಳು ನಾದಿನಿ.

"ತಡಿ, ಕೈ ಸಡಿಲ ಬಿಡಬೇಡ." ಬಟನಕ್ಕ ಅವಳ ಬೆರಳುಗಳನ್ನು ಒಂದೊಂದಾಗಿ ಎತ್ತಿ ಬಿಡಿಸಿ, ಇಟ್ಟಿಗೆಯನ್ನು ಎರಡೂ ಅಂಗೈಯಲ್ಲಿ ಹಕ್ಕಿಮರಿಯಂತೆ ಎತ್ತಿಕೊಂಡಳು. ಬಲಗಡೆ ಹೆಬ್ಬೆರಳಿನ ಗುರುತು ಇದ್ದೂ ಇಲ್ಲದಂತಿತ್ತು. ಬೆನ್ನಿನ ಕಡೆ ಉಳಿದ ಬೆರಳುಗಳು ಬಾವಿ ತೋಡಿದ್ದವು. ಎಡಗಡೆ ಅಂಗೈ ಒಂದು ಆಳವಾದ ಬಟ್ಟಲು ಬಿಟ್ಟಿತ್ತು. ಹಿಟ್ಟು ಆಗಲೇ ಮೆಲ್ಲಗೆ ಕುಸಿಯುತ್ತಿತ್ತು. ಅವಳು ಎದ್ದಳು.

"ಗೆದ್ದು ಓಡಿಹೋಗೋದಾ ಅತ್ತಿಗೆ? ಕೂತ್ಕೊಳ್ರೀ, ನನಗಿನ್ನೂ ಸಿಟ್ಟು ಇಳಿದಿಲ್ಲ!"

"ಸಿಟ್ಟು ಹಾಗೇ ಇಟ್ಕೊಂಡಿರು, ಮುಂದಿನ ಭಾನುವಾರಕ್ಕೆ ಬೇಕು," ಎನ್ನುತ್ತಾ ಬಟನಕ್ಕ ಆಗಲೇ ಕೆಲಸದ ಮೇಜಿನ ಕೋಣೆಯ ಹೊಸ್ತಿಲು ದಾಟುತ್ತಿದ್ದಳು, ಕಣ್ಣು ಕೈಯಲ್ಲಿದ್ದ ಹಿಟ್ಟಿನ ಮೇಲೆ, ಮಾತು ಯಾರಿಗೆ ಎಂಬುದೂ ಮರೆತಂತೆ, "ಹೆಬ್ಬೆರಳಿಗೆ ಏನೂ ಬೇಡ, ಅದು ಸುಮ್ನೆ ಮಲಗಿರ್ಲಿ, ತೋರುಬೆರಳಿಗೆ ಮೇಲ್ಗಡೆ ಒಂದು ಗಟ್ಟಿ ಬಟನ್ನು, ಮತ್ತೆ ಈ ಎಡಗಡೆ ಅಂಗೈಗೆ ಸ್ವಲ್ಪ ಆಳ ಬೇಕು, ಈ ಬಟ್ಟಲಿನಷ್ಟೇ."